ಮಿಂಚು ಮುಂದೆ, ಗುಡುಗು ಹಿಂದೆ

ಜಗತ್ತಿನ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ತಮ್ಮ ತಮ್ಮ ಜಾಗ ಹುಡುಕಿ ಕೂರುತ್ತಿದ್ದವು. ಆಗ ಆಕಾಶದಲ್ಲಿ ಗುಡುಗು ಇತ್ತು, ಮಿಂಚು ಇರಲಿಲ್ಲ.

ಆ ಗುಡುಗಪ್ಪನ ಗತ್ತು ನೋಡಬೇಕಿತ್ತು! ಮೋಡದ ಮೇಲೆ ಕಾಲು ಚಾಚಿ, "ನನ್ನ ಸಮ ಯಾರಿದ್ದಾರೋ? ಒಂದು ಸಲ ಬಾಯಿ ಬಿಟ್ಟರೆ ದೇವದಾರು ಮರಗಳೂ ಗಡಗಡ!" ಎನ್ನುತ್ತಿದ್ದ. ಹೇಳದೆ ಕೇಳದೆ ಢಂ ಎಂದು ಬಂದುಬಿಡುತ್ತಿದ್ದ.

ಕೆಳಗೆ ಕಲ್ಲುಬೆಟ್ಟದಲ್ಲಿ ಒಂದು ತುಂಬು ಬಸುರಿ ಜಿಂಕೆ. ಹೋದ ಮಳೆಗಾಲದಲ್ಲಿ ಆ ಢಂ ಕೇಳಿ, ಬೆದರಿ ಓಡಿ, ಬಂಡೆಯಿಂದ ಜಾರಿದ್ದಳು. ಹೊಟ್ಟೆಯ ಮರಿ ಉಳಿಯಲಿಲ್ಲ. ಈಗ ಮತ್ತೆ ಮೋಡ ಕವಿಯುತ್ತಿತ್ತು. ಈ ಮರಿಯಾದರೂ ಉಳಿಯಬೇಕಲ್ಲ!

ಅವಳು ಕುರಿ ಮೇಯಿಸುವ ಮಿಲ್ಕಾ ಅಜ್ಜಿಯ ಗುಡಾರದ ಹತ್ತಿರ ಹೋಗಿ ನಿಂತಳು. "ಅಜ್ಜೀ, ಎಲ್ಲಿ ಅಡಗಿಕೊಳ್ಳಲಿ?"

ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಮೇಲೆ ನೋಡಿದಳು. "ಲೋ ಗುಡುಗಪ್ಪಾ! ನಮ್ಮಲ್ಲಿ ಯಾರ ಗುಡಾರಕ್ಕೆ ಹೋದರೂ ಹೊರಗೆ ನಿಂತು ಒಂದು ಸಲ ಕೆಮ್ಮುತ್ತೇವೆ. ಒಳಗಿರುವ ಹೆಂಗಸರು, ಮಕ್ಕಳು ಬೆಚ್ಚಿಬೀಳಬಾರದು ಅಂತ. ನಿನಗೆ ಅಷ್ಟೂ ಬರಲ್ಲವೇನೋ?"

"ಕೆಮ್ಮುತ್ತೀನಿ, ತಗೋ!" ಎಂದ ಗುಡುಗಪ್ಪ.

ಅವನ ಕೆಮ್ಮೂ ಢಂ ಎಂದೇ ಬಂತು! ಕುರಿಗಳು ದಿಕ್ಕಾಪಾಲಾದವು. ಜಿಂಕೆ ಆಕಾಶಕ್ಕೆ ಮುಖ ಎತ್ತಿದಳು.

"ಯೆಹೋವ ದೇವರೇ," ಎಂದು ಅವಳು ಕೂಗಿದಳು, "ಇವನನ್ನು ಮಾಡಿದವನೂ ನೀನೇ, ನನ್ನನ್ನು ಮಾಡಿದವನೂ ನೀನೇ. ನನ್ನ ಮರಿಯನ್ನು ನೋಡಿಕೋ."

ಆಗ ಗುಡುಗಪ್ಪನ ಬೆನ್ನ ಹಿಂದೆ "ಮಗನೇ" ಎಂಬ ಮಾತು ಕೇಳಿತು. ಮೆಲ್ಲಗೇ ಕೇಳಿತು. ಅಷ್ಟಕ್ಕೇ ಬೆಟ್ಟಗಳು ಹೆದರಿದ ಕುರಿಗಳ ಹಾಗೆ ಒಂದಕ್ಕೊಂದು ಒತ್ತಿ ನಿಂತವು. ಸಮುದ್ರ ಉಸಿರು ಬಿಗಿಹಿಡಿಯಿತು. ಗುಡುಗಪ್ಪ ಬೆಚ್ಚಿಬಿದ್ದು ಮೋಡದೊಳಗೆ ತೂರಿಕೊಂಡ. ಬೆಚ್ಚಿಬೀಳುವುದು ಅಂದರೆ ಏನೆಂದು ಅವನಿಗೆ ಅವತ್ತೇ ಗೊತ್ತಾದದ್ದು!

"ಒಡೆಯಾ, ನನ್ನನ್ನು ಅಳಿಸಿಬಿಡುತ್ತೀಯಾ?" ಮೋಡದೊಳಗಿನಿಂದಲೇ ಕೇಳಿದ.

"ಅಳಿಸುವುದು ನನಗೆ ಒಂದು ಉಸಿರಿನ ಕೆಲಸ," ಎಂದರು ದೇವರು. "ಆದರೆ ನೀನಿಲ್ಲದಿದ್ದರೆ, ಮಲಗಿದ ಮೋಡಗಳನ್ನು ಎಬ್ಬಿಸಿ ಮಳೆಗೆ ಕಳಿಸುವವರು ಯಾರು? ನಿನಗೆ ಮೆಲ್ಲಗೆ ಕೆಮ್ಮಲು ಬಾರದು. ಇರಲಿ. ನಿನ್ನ ಪರವಾಗಿ ನಾನೇ ಮುಂಚೆ ಹೇಳಿ ಕಳಿಸುತ್ತೇನೆ."

ದೇವರು ಉಟ್ಟಿದ್ದು ಬೆಳಕಿನ ಬಟ್ಟೆ. ಅದರ ಅಂಚಿನಿಂದ ಒಂದು ಎಳೆ ಕಿತ್ತು ಕೆಳಗೆ ಬಿಟ್ಟರು. ಅಂಕುಡೊಂಕಾದ ಎಳೆ ಫಳ್ಳನೆ ಹೊಳೆಯುತ್ತ ಇಳಿಯಿತು.

"ಗುಡುಗಪ್ಪ ಬರ್ತಿದ್ದಾನೆ ಕಣೇ, ಕೂತ್ಕೋ!" ಎಂದಳು ಅಜ್ಜಿ.

ಜಿಂಕೆ ಕಾಲು ಮಡಿಸಿ, ಹುಲ್ಲಿಗೆ ಹೊಟ್ಟೆ ತಾಗಿಸಿ ಕೂತಳು. ಆಮೇಲೆ ಬಂತು ಢಂ! ಜಿಂಕೆ ಓಡಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಅವಳ ಪಕ್ಕದಲ್ಲಿ ಒದ್ದೆ ಮರಿಯೊಂದು ಎದ್ದು ನಿಲ್ಲಲು ತಡಬಡಿಸುತ್ತಿತ್ತು.

ಅವತ್ತಿನಿಂದ ಇವತ್ತಿನವರೆಗೂ ಮೊದಲು ಮಿಂಚು, ಆಮೇಲೆ ಗುಡುಗು. ನಡುವೆ, ನೀವು ಕಿವಿ ಮುಚ್ಚಿಕೊಂಡು ಅಮ್ಮನ ಮಡಿಲಿಗೆ ಓಡುವಷ್ಟು ಪುರುಸೊತ್ತು.