ವ್ಯಾಪಾರಿ ಮಾರದ ಜೀಪು

“ಗುರುಗಳೇ, ಯಾವ ಕೆಲಸಕ್ಕೂ ಬಾರದವನು ಎಂದು ನನ್ನನ್ನು ದಿನವೂ ಬೈಯುತ್ತೀರಿ. ಹಾಗಿದ್ದ ಮೇಲೆ ಇಂಥವನನ್ನು ಯಾಕೆ ಇಟ್ಟುಕೊಂಡಿದ್ದೀರಿ?” ಎಂದು ಚೆನ್ನವೀರ ಕೇಳಿದ.

ಕೇಳುವಾಗ ಅವನ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು. ಉತ್ತರ ಏನೇ ಬರಲಿ, ಮಠ ಬಿಟ್ಟು ಹೊರಟುಬಿಡುವುದೆಂದು ನಿಶ್ಚಯಿಸಿಕೊಂಡಿದ್ದ. ಬೈಸಿಕೊಂಡು ಬೈಸಿಕೊಂಡು ಅವನಿಗೂ ಸಾಕಾಗಿತ್ತು. ಗಂಟೆ ಬಾರಿಸಲು ಹೋದರೆ ಹಗ್ಗ ಕಿತ್ತು ಕೈಗೆ ಬರುತ್ತಿತ್ತು. ವಚನ ಹೇಳಲು ಕೂತರೆ ಮೂರನೆಯ ಸಾಲಿಗೆ ನಾಲಿಗೆ ನಿಲ್ಲುತ್ತಿತ್ತು. ಗುರುಗಳು ಹಾಸಿಗೆ ಹಿಡಿದ ವರ್ಷ ಜಾಣ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಬೇರೆ ಮಠ ಸೇರಿದ್ದರು. ಉಳಿದವನು ಚೆನ್ನವೀರ ಒಬ್ಬನೇ. ಮಳೆಗಾಲವಿಡೀ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದ. ಆ ಗಂಜಿಯನ್ನೂ ದಿನ ಬಿಟ್ಟು ದಿನ ಸೀಯಿಸುತ್ತಿದ್ದ.

ಇವತ್ತಿನ ಕತೆಯಂತೂ ಕೇಳುವುದೇ ಬೇಡ. ಸೋರುವ ಮಠಕ್ಕೆ ಹೊಸ ಹೆಂಚು ಹೊದಿಸಿಕೊಡುತ್ತೇನೆ ಎಂದು ಪಟ್ಟಣದಿಂದ ಸಿರಿವಂತ ಭಕ್ತನೊಬ್ಬ ಬಂದಿದ್ದ. ಚೆನ್ನವೀರ ಅನ್ನ ಸೀಯಿಸಿದ. ಎರಡನೆಯ ಸಲ ಅಕ್ಕಿ ತೊಳೆದು ಒಲೆಗೇರಿಸುವಷ್ಟರಲ್ಲಿ ಭಕ್ತ ಉಣ್ಣದೆ ಎದ್ದು ಹೋಗಿದ್ದ. ಹೆಂಚಿನ ಮಾತೂ ಅವನ ಜೊತೆಯಲ್ಲೇ ಹೋಯಿತು.

ಗುರುಗಳು ಗಂಟನ್ನು ನೋಡಿದರು. “ಕೂರು. ಗಂಟೇನೂ ಓಡಿಹೋಗುವುದಿಲ್ಲ,” ಎಂದು ಗದರಿ ಕತೆ ಶುರುಮಾಡಿದರು.

ಬೆಟ್ಟದ ಬುಡದಲ್ಲಿ ಒಬ್ಬ ವ್ಯಾಪಾರಿ ಇದ್ದ. ಬೆಟ್ಟದ ಮೇಲೆ ಕಾಡಿನ ಜನ ವಾಸವಿದ್ದ ಹಾಡಿಗಳಿಗೆ ಅಕ್ಕಿ, ಉಪ್ಪು, ಬೆಲ್ಲ ಒಯ್ದು ಮಾರುವುದು ಅವನ ಕಸುಬು. ಅಲ್ಲಿಗೆ ರಸ್ತೆ ಎಂಬುದಿರಲಿಲ್ಲ. ಬರೀ ಕಲ್ಲು, ಕೆಸರು, ನಡುವೆ ಎರಡು ಹಳ್ಳ. ಅವನ ಬಳಿ ಒಂದು ಹಳೆಯ ಜೀಪಿತ್ತು. ಅದನ್ನು ಅವನು ಬೈಯದ ದಿನವೇ ಇರಲಿಲ್ಲ.

ಬೈಯಬೇಕಾದದ್ದೇ. ನಾಲ್ಕು ಜನ ತಳ್ಳದೆ ಅದು ಬೆಳಿಗ್ಗೆ ಹೊರಡುತ್ತಿರಲಿಲ್ಲ. ಸಂತೆಯ ನಟ್ಟನಡುವೆ ನಿಂತುಬಿಡುತ್ತಿತ್ತು. ಬೀಗರ ಮನೆಯ ಮುಂದೆ ಹೊಗೆ ಕಾರಿ ಮಾನ ಕಳೆಯುತ್ತಿತ್ತು. ಒಂದು ಕೊಡ ನೀರು, ಒಂದಿಷ್ಟು ತಂತಿ, ಟ್ಯಾಂಕು ಸೋರಿದರೆ ಮೆತ್ತಲು ಬಟ್ಟೆ ಸೋಪಿನ ತುಂಡು, ಇವಿಲ್ಲದೆ ವ್ಯಾಪಾರಿ ಮನೆ ಬಿಡುತ್ತಿರಲಿಲ್ಲ. “ಇದು ಗಾಡಿಯಲ್ಲ, ನನ್ನ ಹಿಂದಿನ ಜನ್ಮದ ಪಾಪ,” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಆದರೆ ಬೆಟ್ಟದ ದಾರಿಗೆ ಮೂತಿ ತಿರುಗಿಸಿದರೆ ಅದು ಬೇರೆಯೇ ಜೀಪು. ಗೊಣಗುತ್ತ, ಕೆಮ್ಮುತ್ತ ಹಳ್ಳ ದಾಟುತ್ತಿತ್ತು, ಕೆಸರು ದಾಟುತ್ತಿತ್ತು, ಮೇಲೆ ಹೋಗಿ ನಿಲ್ಲುತ್ತಿತ್ತು. ಅದರ ಸದ್ದು ಕೇಳಿಯೇ ಹಾಡಿಯವರು ಒಲೆಯ ಮೇಲೆ ಎಸರಿಡುತ್ತಿದ್ದರು. ಒಮ್ಮೆ ಒಬ್ಬ ಸಾಹುಕಾರ ತನ್ನ ಹೊಸ ಗಾಡಿಯಲ್ಲಿ ಬೆಟ್ಟ ನೋಡಲು ಹೊರಟ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂದ ಗಾಡಿ ಮೊದಲ ಹಳ್ಳದಲ್ಲೇ ನಿಂತಿತು. ಒಂದು ಕೆಂಪು ದೀಪ ಹತ್ತಿಕೊಂಡಿತು, ಅಷ್ಟೇ. ಎಲ್ಲಿ ಕೈಯಿಡಬೇಕೆಂದು ಸಾಹುಕಾರನಿಗೂ ತಿಳಿಯಲಿಲ್ಲ, ಡ್ರೈವರನಿಗೂ ತಿಳಿಯಲಿಲ್ಲ. ವ್ಯಾಪಾರಿ ತನ್ನ ಜೀಪಿಗೆ ಹಗ್ಗ ಬಿಗಿದು ಅದನ್ನು ದಡಕ್ಕೆ ಎಳೆದುಹಾಕಿದ. ಎಳೆಯುವಷ್ಟು ಹೊತ್ತೂ ಬೈದದ್ದು ಮಾತ್ರ ತನ್ನ ಜೀಪನ್ನೇ.

ಬೆಟ್ಟದಲ್ಲಿ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಈ ಮಾತನ್ನು ಅವನು ಯಾರಿಗೂ ಹೇಳಿದವನಲ್ಲ. ಹೇಳಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ.

ಮಗಳ ಮದುವೆಯ ಮಾತುಕತೆಗೆ ಹೊರಟ ದಿನ ಜೀಪು ಊರ ಬಾಗಿಲಲ್ಲೇ ನಿಂತಿತು. ರೇಷ್ಮೆ ಸೀರೆ ಉಟ್ಟಿದ್ದ ಹೆಂಡತಿ ಇಳಿದು ತಳ್ಳಬೇಕಾಯಿತು. ಅವಳು ಮಸಿ ಹತ್ತಿದ ಸೆರಗನ್ನು ನೋಡಿಕೊಂಡು, “ಮನೆಗೆ ಮಾರಿ, ಊರಿಗೆ ಉಪಕಾರಿ! ಇದನ್ನು ಯಾರಿಗಾದರೂ ಕೊಟ್ಟು ಹೊಸದು ತನ್ನಿ, ಇಲ್ಲದಿದ್ದರೆ ನನ್ನನ್ನು ತವರಿಗೆ ಕಳಿಸಿ,” ಎಂದಳು. ವ್ಯಾಪಾರಿಗೂ ತಲೆ ಕೆಟ್ಟಿತ್ತು. “ನಾಳೆಯೇ ಕೊಟ್ಟುಬಿಡುತ್ತೇನೆ,” ಎಂದ.

ಮರುದಿನ ಕೊಳ್ಳುವವನು ಬಂದ. ಎತ್ತು ಕೊಳ್ಳುವವನು ಹಲ್ಲು ನೋಡಿ ಮೂಗು ಮುರಿಯುವುದು, ಮಾರುವವನು ಹೊಗಳುವುದು ಸಂತೆಯ ಪದ್ಧತಿ. ಇವನೂ ಜೀಪಿಗೆ ಒಂದು ಸುತ್ತು ಬಂದು ಶುರುಮಾಡಿದ. ತಳ್ಳದೆ ಹೊರಡುವುದಿಲ್ಲ ಎಂದ. ವ್ಯಾಪಾರಿ ಹೌದೆಂದ. ಎಮ್ಮೆಗಿಂತ ಹೆಚ್ಚು ನೀರು ಕುಡಿಯುತ್ತದೆ ಎಂದ. ವ್ಯಾಪಾರಿ ಹೆಗಲ ವಸ್ತ್ರದಿಂದ ಜೀಪಿನ ಧೂಳು ಒರೆಸಿದ. ಆಮೇಲೆ ಅವನು ಚಕ್ರವನ್ನು ಕಾಲಿನಿಂದ ಒದ್ದು, ಇದು ಗುಜರಿಗೂ ದಂಡ ಎಂದ.

ವ್ಯಾಪಾರಿಯ ಮೈ ಉರಿದುಹೋಯಿತು. “ಕಾಲು ತೆಗಿ. ಇದನ್ನು ನಾನು ಮಾರುವುದಿಲ್ಲ,” ಎಂದ.

ಕೊಳ್ಳುವವನು ಕಕ್ಕಾಬಿಕ್ಕಿಯಾದ. “ನಾನು ಹೊಸದಾಗಿ ಏನು ಹೇಳಿದೆ ಸ್ವಾಮಿ? ಇವೆಲ್ಲ ಸಂತೆಯಲ್ಲಿ ನೀವೇ ಆಡಿದ ಮಾತುಗಳಲ್ಲವೇ?”

“ನನ್ನ ಮಾತುಗಳೇ. ನಾನು ಇದನ್ನು ನಂಬಿ ಬೆಟ್ಟ ಹತ್ತಿದವನು, ಬೈಯುತ್ತೇನೆ. ನೀನು ಇದರ ಜೊತೆ ಯಾವ ಬೆಟ್ಟ ಹತ್ತಿದ್ದೀಯ?”

ಕೊಳ್ಳುವವನು ಹೋದ. ಜೀಪನ್ನು ನೆರಳಿಗೆ ನಿಲ್ಲಿಸೋಣವೆಂದು ವ್ಯಾಪಾರಿ ಹತ್ತಿ ಕೂತ. ಅದು ಹೊರಡಲಿಲ್ಲ. ಅವನು ಹಿಡಿಶಾಪ ಹಾಕುವುದನ್ನು ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ ನೀರಿನ ಕೊಡ ತಂದಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಹೆಚ್ಚಾಯಿತು. ಕತೆ ಕೇಳಿದರೆ ಹೋದ ಹೆಂಚು ಬರುತ್ತದೆಯೇ? ಬರುವ ಮಳೆಗಾಲದಲ್ಲಿ ಗುರುಗಳ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುವುದು ತನ್ನ ದೆಸೆಯಿಂದಲೇ. ಅವನು ಗಂಟನ್ನು ಎತ್ತಿಕೊಂಡು ಎದ್ದು ನಿಂತ.

“ಅದು ಜೀಪಿನ ಮಾತಾಯಿತು, ಗುರುಗಳೇ. ನಾನು ಅನ್ನ ಸೀಯಿಸಿದ್ದಕ್ಕೆ ಮಠದ ಹೆಂಚೇ ಹೋಯಿತಲ್ಲ.”

“ದಡ್ಡ! ಆ ಭಕ್ತ ಹೋದದ್ದು ಅನ್ನ ಸೀದದ್ದಕ್ಕಲ್ಲ. ಇಂಥವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವನು ನನ್ನನ್ನು ಕೇಳಿದ, ನಾನೇ ಎಬ್ಬಿಸಿ ಕಳಿಸಿದೆ.”