ಎದುರು ಬಿದ್ದ ಒಂದು ವೋಟು

"ಗುರುಗಳೇ, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತಾರೆ. ಉಪ್ಪು ತಿಂದವನೇ ಎಲ್ಲರೆದುರು ನಮ್ಮ ಮಾತನ್ನು ತಪ್ಪು ಅಂದರೆ ಅವನನ್ನು ಏನು ಮಾಡಬೇಕು?"

ಕೇಳಿದವನು ಶಾಂತವೀರ. ಶಾಖಾಮಠದ ಹೊಣೆ ಅವನಿಗೆ ಬಂದು ಆರು ತಿಂಗಳಾಗಿತ್ತು. ಪ್ರವಚನ ಮುಗಿದ ಮೇಲೆಯೇ ದಾಸೋಹ ಎಂದು ಹೊಸ ನಿಯಮ ಮಾಡಿದ್ದ. ಅಡುಗೆಮನೆ ನೋಡಿಕೊಳ್ಳುವ ಬಾಳಪ್ಪ ಸಭೆಯಲ್ಲಿ ಎದ್ದು ನಿಂತು, ದೂರದಿಂದ ನಡೆದು ಬಂದವರನ್ನು ಹಸಿವಿನಲ್ಲಿ ಕೂರಿಸುವುದು ತಪ್ಪು ಎಂದಿದ್ದ. ಉಳಿದವರೆಲ್ಲ ನಿಯಮ ಚೆನ್ನಾಗಿದೆ ಎಂದಿದ್ದರು. ಬಾಳಪ್ಪನನ್ನು ಮಠದಿಂದ ಕಳಿಸಿಬಿಡಲು ಅಪ್ಪಣೆ ಕೇಳುವುದಕ್ಕೆ ಶಾಂತವೀರ ಬಂದಿದ್ದ.

ಗುರುಗಳು ಹೇಳಿದರು:

ಕೂತುಕೋ. ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಡು, ಅದನ್ನು ಯಾರೂ ಕದಿಯುವುದಿಲ್ಲ. ಇಂಗ್ಲೆಂಡಿನ ಕತೆಯೊಂದಿದೆ. ನಾನೇನು ಅಲ್ಲಿಗೆ ಹೋದವನಲ್ಲ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಹೇಳಿದ್ದು.

ಸುಮಾರು ಇನ್ನೂರು ವರ್ಷದ ಹಿಂದೆ ಅಲ್ಲಿ ಒಬ್ಬ ಜಮೀನ್ದಾರನಿದ್ದ. ಹೆಸರು ಸರ್ ಆಂಬ್ರೋಸ್ ಥಾರ್ಲಿ. ನಮ್ಮ ನಾಲಗೆಗೆ ಅದು ಒಗ್ಗುವುದಿಲ್ಲ, ಜಮೀನ್ದಾರ ಎಂದೇ ಅನ್ನೋಣ. ಪಾರ್ಲಿಮೆಂಟಿಗೆ ಆರು ಸಲ ಆರಿಸಿ ಹೋಗಿದ್ದ. ಮನುಷ್ಯ ಕೆಟ್ಟವನಲ್ಲ.

ಆಗ ಅವರ ಪದ್ಧತಿ ಹೇಗಿತ್ತು ಕೇಳು. ವೋಟು ಗುಟ್ಟಾಗಿ ಹಾಕುವ ಹಾಗಿರಲಿಲ್ಲ. ಪೇಟೆಯ ನಡುವೆ ಮರದ ಕಟ್ಟೆ ಕಟ್ಟುತ್ತಿದ್ದರು. ಚುನಾವಣೆಗೆ ನಿಂತವರು ಅಲ್ಲೇ ಎದುರಿಗಿರುತ್ತಿದ್ದರು. ಮತದಾರ ಕಟ್ಟೆ ಹತ್ತಿ, ಊರಿಗೆಲ್ಲ ಕೇಳುವಂತೆ, ತನಗೆ ಬೇಕಾದವನ ಹೆಸರು ಹೇಳಬೇಕು. ಮತದಾರರಲ್ಲಿ ಹೆಚ್ಚಿನವರು ಆ ಜಮೀನ್ದಾರನ ಹೊಲವನ್ನೇ ಗೇಣಿಗೆ ಮಾಡುವವರು. ಬೇರೆ ಹೆಸರು ಹೇಳಿದವನಿಗೆ ಸುಗ್ಗಿ ಮುಗಿದ ಮೇಲೆ ಹೊಲವೂ ಇಲ್ಲ, ಮನೆಯೂ ಇಲ್ಲ. ಯಾರು ಹೇಳುತ್ತಾರೆ? ಒಬ್ಬೊಬ್ಬರೂ ಟೋಪಿ ತೆಗೆದು ಅವನ ಹೆಸರನ್ನೇ ಹೇಳುತ್ತಿದ್ದರು. ಪಾಪ, ಅವನು ಅದನ್ನು ಪ್ರೀತಿ ಎಂದುಕೊಂಡಿದ್ದ. ಕೋಲೆ ಬಸವ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡ ಹಾಗೆ.

ಏಳನೆಯ ಚುನಾವಣೆ ಬಂತು. ಒಬ್ಬ ರೈತ ಕಟ್ಟೆ ಹತ್ತಿದ. ಹನ್ನೊಂದು ವರ್ಷದ ಹಿಂದೆ ಇವನ ಹೆಂಡತಿ ಜ್ವರದಲ್ಲಿ ಸಾಯುವ ಹಾಗಿದ್ದಾಗ, ಜಮೀನ್ದಾರ ತನ್ನ ವೈದ್ಯನನ್ನು ತನ್ನ ಗಾಡಿಯಲ್ಲೇ ಕಳಿಸಿ ಬದುಕಿಸಿದ್ದ. ರೈತ ಟೋಪಿ ತೆಗೆದ. ಎದುರಾಳಿಯ ಹೆಸರು ಹೇಳಿದ. ಊರಿಗೆಲ್ಲ ಕೇಳುವಂತೆ ಸ್ಪಷ್ಟವಾಗಿ ಹೇಳಿದ.

ಜಮೀನ್ದಾರ ಆ ಸಲವೂ ಗೆದ್ದ. ಆದರೆ ಗೆದ್ದದ್ದು ರುಚಿಸಲಿಲ್ಲ. ಉಂಡ ಮನೆಗೆ ಎರಡು ಬಗೆದವನು ಎಂದು ಊರೆಲ್ಲ ರೈತನನ್ನು ಉಗಿಯಿತು. ಜಮೀನ್ದಾರನ ಪಾರುಪತ್ಯಗಾರ ಅವನನ್ನು ಒಕ್ಕಲೆಬ್ಬಿಸುವ ಕಾಗದ ಬರೆದು ಸಹಿಗೆ ತಂದ. ಜಮೀನ್ದಾರ ಸಹಿ ಹಾಕಲಿಲ್ಲ, ಬೇಡ ಅನ್ನಲೂ ಇಲ್ಲ. ಕಾಗದವನ್ನು ಜೇಬಿಗೆ ಹಾಕಿಕೊಂಡು ತಾನೇ ರೈತನ ಮನೆಗೆ ನಡೆದ.

ಅಂಗಳದಲ್ಲಿ ಎತ್ತಿನ ಗಾಡಿ ನಿಂತಿತ್ತು. ಮಂಚ, ಪಾತ್ರೆ, ಕೋಳಿಗೂಡು ಎಲ್ಲ ಆಗಲೇ ಅದರ ಮೇಲೇರಿದ್ದವು.

"ನಾನು ನಿನಗೆ ಏನು ಅನ್ಯಾಯ ಮಾಡಿದೆ?" ಎಂದು ಜಮೀನ್ದಾರ ಕೇಳಿದ.

ರೈತ ಹೇಳಿದ: "ನನಗೇನೂ ಮಾಡಿಲ್ಲ ದೊರೆ. ನಿಮ್ಮ ಋಣ ಹೇಗೆ ತೀರಿಸಲಿ ಅಂತ ಹನ್ನೊಂದು ವರ್ಷ ಯೋಚಿಸಿದೆ. ನಿಮ್ಮಲ್ಲಿ ಇಲ್ಲದ್ದು ನನ್ನ ಹತ್ತಿರ ಏನಿದೆ? ಹೋದ ವರ್ಷ ನೀವು ಊರಿನ ಗೋಮಾಳಕ್ಕೆ ಬೇಲಿ ಹಾಕಿಸಿದಿರಿ. ಹೊಲವಿಲ್ಲದವರು ಹಸು ಮಾರಿದರು. ಅವರ ಮಕ್ಕಳಿಗೆ ಈಗ ಹಾಲಿಲ್ಲ. ಎಲ್ಲರೂ ನಿಮ್ಮೆದುರು ಚೆನ್ನಾಗಿದೆ ಅಂದರು. ಇದನ್ನು ಹೇಳಬೇಕು ಅಂತ ಮೂರು ಸಲ ಬಂಗಲೆಗೆ ಬಂದೆ. ಪಾರುಪತ್ಯಗಾರರು ಬಾಗಿಲಲ್ಲೇ ತಡೆದರು. ಆ ಕಟ್ಟೆಯ ಮೇಲಾದರೆ ನನ್ನನ್ನು ಯಾರೂ ತಡೆಯುವ ಹಾಗಿರಲಿಲ್ಲ."

"ಮನೆ ಹೋಗುತ್ತದೆ ಅಂತ ಗೊತ್ತಿರಲಿಲ್ಲವೇ?"

ಇದಕ್ಕೆ ಅವನ ಹೆಂಡತಿ ಉತ್ತರ ಕೊಟ್ಟಳು. "ಗೊತ್ತಿತ್ತು ದೊರೆ. ವೋಟಿನ ಹಿಂದಿನ ದಿನವೇ ಪಾತ್ರೆ ಕಟ್ಟಿಟ್ಟೆ. ನಿಮ್ಮಿಂದ ಉಳಿದ ಜೀವ ಇದು. ನಿಮಗೆ ಸುಳ್ಳು ಹೇಳಿಕೊಂಡು ಈ ಮನೆಯಲ್ಲಿ ಇರೋದು ನಮಗೆ ಕಷ್ಟ."

ಜಮೀನ್ದಾರ ಗಾಡಿಯ ಹತ್ತಿರ ಹೋದ. ಕೋಟು ಬಿಚ್ಚಿಟ್ಟು, ಗಾಡಿಯ ಮೇಲಿದ್ದ ಮಂಚದ ಒಂದು ತುದಿ ಹಿಡಿದ. ರೈತ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಒಳಗೆ ತಂದಿಟ್ಟರು. ಹೊರಡುವಾಗ ಜಮೀನ್ದಾರ ಆ ಗಂಡಹೆಂಡಿರಿಗೆ ಕೈಮುಗಿದನಂತೆ. ಅವರಲ್ಲಿ ಕೈಮುಗಿಯುವ ರೂಢಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಮೇಷ್ಟ್ರು ಹಾಗೇ ಹೇಳಿದ್ದು.

ಒಂದು ವಾರದಲ್ಲಿ ಗೋಮಾಳದ ಬೇಲಿ ಕಿತ್ತರು. ಮುಂದಿನ ಚುನಾವಣೆಯ ದಿನ ಜಮೀನ್ದಾರ ಕಟ್ಟೆ ಹತ್ತಿ, ಯಾರು ಯಾವ ಹೆಸರು ಹೇಳಿದರೂ ಅವರ ಹೊಲಮನೆ ಅವರದ್ದೇ ಎಂದು ಎಲ್ಲರೆದುರು ಮಾತು ಕೊಟ್ಟ. ಪಾರುಪತ್ಯಗಾರ ತಲೆ ಚಚ್ಚಿಕೊಂಡ. ಜನ ಮೊದಲು ನಂಬಲಿಲ್ಲ. ಆಮೇಲೆ ಒಬ್ಬ ಬೇರೆ ಹೆಸರು ಹೇಳಿದ, ಅವನ ಹಿಂದೆಯೇ ಹತ್ತು ಜನ ಹೇಳಿದರು. ಆ ರೈತ ಮಾತ್ರ ಈ ಸಲ ಜಮೀನ್ದಾರನ ಹೆಸರು ಹೇಳಿದ. ಕೊನೆಗೆ ಜಮೀನ್ದಾರನಿಗೆ ಬಿದ್ದದ್ದು ಎಂಬತ್ತೆರಡು ವೋಟು. ಸೋತ.

ಸೋತವನು ಮನೆಗೆ ಹೋಗಲಿಲ್ಲ. ಆ ಎಂಬತ್ತೆರಡು ಜನರನ್ನೂ ಹುಡುಕಿಕೊಂಡು ಹೋಗಿ, ಒಬ್ಬೊಬ್ಬರ ಕೈ ಹಿಡಿದು ಉಪಕಾರ ನೆನೆದ. ಮುದುಕನಾಗಿದ್ದ ಜಮೀನ್ದಾರನ ಕಣ್ಣಲ್ಲಿ ನೀರು. "ಇಪ್ಪತ್ತಾರು ವರ್ಷದಲ್ಲಿ ಇವತ್ತೇ ನನಗೆ ಮೊದಲು ವೋಟು ಬಿದ್ದದ್ದು" ಅನ್ನುತ್ತಿದ್ದನಂತೆ.

ಗುರುಗಳು ಮಾತು ನಿಲ್ಲಿಸಿದರು. ಶಾಂತವೀರ ನೆಲ ನೋಡುತ್ತ, "ಆದರೂ ಸೋತನಲ್ಲ, ಗುರುಗಳೇ" ಎಂದ.

ಗುರುಗಳು ಹೇಳಿದರು: "ಬಾಳಪ್ಪನನ್ನು ಕಳಿಸುವುದಾದರೆ ಕಳಿಸಪ್ಪ, ಆಮೇಲೆ ನಿನಗೆ ತಪ್ಪು ಅನ್ನುವುದಕ್ಕೆ ನಾನೊಬ್ಬನೇ ಉಳಿಯುತ್ತೇನೆ, ನನಗೋ ಎಂಬತ್ತಾರು ನಡೆಯುತ್ತಿದೆ."