ಗುಂಡಿಗೆ ಇಳಿದವನ ಪರಿಹಾರ

"ಗುರುಗಳೇ, ಕುಡಿದು ಕೆಲಸಕ್ಕೆ ಹೋಗಿ ಕಾಲು ಮುರಿದುಕೊಂಡವನಿಗೆ ಪರಿಹಾರ ಯಾಕೆ ಕೊಡಬೇಕು? ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರೇ ಹೇಳಿದ್ದಾರಲ್ಲ" ಎಂದು ಶಿಷ್ಯ ಕೇಳಿದ.

ಗುರುಗಳು ನಿಟ್ಟುಸಿರು ಬಿಟ್ಟರು. "ಇದನ್ನೇ ಎಷ್ಟು ಜನ ಕೇಳಿದರೋ! ಹೊಟ್ಟೆ ತುಂಬಿದವರಿಗೆ ಗಾದೆ ಬೇಗ ನೆನಪಾಗುತ್ತದೆ. ಕೂತುಕೋ, ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಹಿತ್ತಲಿನ ಕಕ್ಕಸು ಗುಂಡಿ ತುಂಬಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರು ಬಂದು ಮೂಗು ಮುಚ್ಚಿಕೊಂಡರೆ ಮಾನ ಹೋಗುತ್ತದೆಂದು ಒಬ್ಬ ಕೂಲಿಯವನನ್ನು ಕರೆಸಿದ.

ಆ ಊರಿನಲ್ಲಿ ಒಂದು ರೂಢಿ. ಗುಂಡಿಗೆ ಇಳಿಯುವವನಿಗೆ ಮನೆಯವರೇ ಮೊದಲು ಹೆಂಡ ಕೊಡಬೇಕು. ಕೊಡದಿದ್ದರೆ ಜಿಪುಣರ ಮನೆಯೆಂದು ಹೆಸರು ಬೀಳುತ್ತಿತ್ತು. ಇನ್ನೊಂದು ಕಟ್ಟಳೆಯೂ ಇತ್ತು. ಕೆಲಸದಲ್ಲಿ ಕೈಕಾಲು ಮುರಿದರೆ, ವಾಸಿಯಾಗುವವರೆಗೆ ಕೆಲಸ ಕೊಟ್ಟವನೇ ಅವನ ಮನೆಗೆ ಕಾಳು ಹಾಕಬೇಕು. ಕುಡಿದು ಬಿದ್ದವನಿಗೆ ಮಾತ್ರ ಇಲ್ಲ. ಎರಡನ್ನೂ ಮಾಡಿದವರು ಒಂದೇ ಪಂಚಾಯಿತಿ ಕಟ್ಟೆಯ ಮೇಲೆ ಕೂತ ಹಿರಿಯರು.

ಈ ಕೂಲಿಯವನು ಮಗುವಿನ ತಲೆ ಮುಟ್ಟಿ ಆಣೆ ಮಾಡಿ ಹೆಂಡ ಬಿಟ್ಟಿದ್ದ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ವ್ಯಾಪಾರಿ ಕೊಟ್ಟ ಏಣಿಯಲ್ಲಿ ಸ್ವಲ್ಪ ಇಳಿದ. ನಾತ ತಾಳಲಾರದೆ ಮೇಲೆ ಬಂದು ವಾಂತಿ ಮಾಡಿ ಗೋಡೆಗೆ ಒರಗಿದ.

"ನನ್ನ ಕೈಲಾಗಲ್ಲ ಸಾವ್ಕಾರ್ರೇ, ಬೇರೆಯವರನ್ನ ಕರೀರಿ."

"ಕುಡೀದೆ ಇದಕ್ಕೆ ಯಾರಾದ್ರೂ ಇಳಿದಿದ್ದುಂಟೇನೋ? ತಗೋ, ಏನೂ ಗೊತ್ತಾಗಲ್ಲ" ಎಂದು ವ್ಯಾಪಾರಿ ತಾನೇ ಚೆಂಬು ತಂದು ಕೊಟ್ಟ.

ಕೂಲಿಯವನ ಮನೆಯಲ್ಲಿ ಅಂದಿನ ಒಲೆ ಉರಿಯಬೇಕಿತ್ತು. ಅವನು ಕುಡಿದ, ಇಳಿದ. ಏಣಿಯನ್ನು ಗೆದ್ದಲು ತಿಂದಿತ್ತು. ಮೆಟ್ಟಿಲು ಮುರಿದು ಬಿದ್ದ. ಮೇಲೆತ್ತಿದಾಗ ತೊಡೆಯ ಮೂಳೆ ಎರಡಾಗಿತ್ತು.

ಪಂಚಾಯಿತಿ ಸೇರಿತು. ಹಿರಿಯನೊಬ್ಬ ದೂರದಿಂದಲೇ ಬಗ್ಗಿ ಅವನ ಬಾಯಿ ಮೂಸಿದ. ಕುಡಿದಿದ್ದಾನೆ, ಕಾಳು ಇಲ್ಲ ಎಂದ. ವ್ಯಾಪಾರಿ ನೆಲ ನೋಡುತ್ತ ನಿಂತಿದ್ದ. ಹೆಂಡ ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಆಗ ಕೂಲಿಯವನ ಹೆಂಡತಿ ಎದ್ದು ನಿಂತಳು. "ಕುಡಿದು ಬಿದ್ನೋ, ಏಣಿ ಮುರಿದು ಬಿದ್ನೋ, ಒಂದ್ಸಲ ಗುಂಡಿ ಹತ್ರ ಬಂದು ಬಗ್ಗಿ ನೋಡಿ ಬುದ್ಧಿ. ಮುರಿದ ಏಣಿ ಅಲ್ಲೇ ಐತೆ. ನೋಡದೇ ಹೇಳ್ಬಿಟ್ರೆ ನನ್ನ ಮಕ್ಳು ಏನು ತಿನ್ಬೇಕು?"

ಮಾತು ನ್ಯಾಯವಾಗಿತ್ತು. ಹಿರಿಯರೆಲ್ಲ ಎದ್ದು ಹೊರಟರು. ಹಿತ್ತಲ ಬಾಗಿಲು ದಾಟುವಾಗ ಶಲ್ಯ ಮೂಗಿಗೆ ಬಂತು. ಒಬ್ಬ ಕೆಮ್ಮಿದ, ಇನ್ನೊಬ್ಬನ ಕಣ್ಣಲ್ಲಿ ನೀರು ಬಂತು. ಗುಂಡಿ ಕಾಣುವ ಮೊದಲೇ ಎಲ್ಲರೂ ತಿರುಗಿ ಬಂದು ಕಟ್ಟೆಯ ಮೇಲೆ ಕೂತರು. ತೀರ್ಪು ಬದಲಾಗಲಿಲ್ಲ. ಆ ಮನೆಗೆ ಕಾಳು ಬರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಇದು ಅನ್ಯಾಯ ಗುರುಗಳೇ! ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ ಏಣಿ ಕಾಣುತ್ತಿತ್ತು. ಅಷ್ಟು ದೂರ ಹೋದವರು ಯಾಕೆ ಹಿಂದಿರುಗಿದರು?"

ಗುರುಗಳು ದಣಿದ ಕಣ್ಣುಗಳನ್ನು ಮುಚ್ಚಿಕೊಂಡು ಹೇಳಿದರು: "ಅಷ್ಟು ಹತ್ತಿರ ಹೋಗುವುದಕ್ಕೆ ಅವರಲ್ಲಿ ಯಾರೂ ಕುಡಿದಿರಲಿಲ್ಲ, ಮಗು."